ಅಳುವ ಕುರ್ಚಿಯ ಸರದಿ

ಹೆಂಡತಿ: ಏಳಲ್ಲ ಅಂದ್ರೆ ಏಳಲ್ಲ. ಇವತ್ತು ಈ ಕುರ್ಚಿ ನಂದು.

ಡ್ರೈವರ್: ಅದ್ಹೇಗೆ ನಿಂದಾಗುತ್ತೆ? ಹೋದ ಸಲ ಯಾರು ಕೂತಿದ್ದು? ನೀನೇ. ಹೊಲಿಗೆ ಮಿಷಿನ್ ಕೆಟ್ಟುಹೋಯ್ತು ಅಂತ ಸಂಜೆಯೆಲ್ಲ ಕೂತಿದ್ದೆ. ಈಗ ಸರದಿ ನನ್ನದು. ಏಳು ಮತ್ತೆ.

ಹೆಂಡತಿ: ಅದಕ್ಕೆ ಮುಂಚೆ ಯಾರು ಕೂತಿದ್ದು? ಕ್ಷೌರದೋನು ಮೀಸೆ ಒಂದು ಕಡೆ ಗಿಡ್ಡ ಮಾಡಿದ ಅಂತ, ಅದು ಮತ್ತೆ ಬೆಳೆಯೋವರೆಗೂ ಕೂತಿದ್ರಲ್ಲ! ಅದನ್ನೆಲ್ಲ ಯಾರ ಲೆಕ್ಕಕ್ಕೆ ಬರೆಯೋಣ?

ಡ್ರೈವರ್: ಅಂಥ ಮೀಸೆ ಇಟ್ಕೊಂಡು ತುಂಬಿದ ಬಸ್ ಓಡಿಸಿ ನೋಡು, ಆಗ ಗೊತ್ತಾಗುತ್ತೆ.

ಜಗಳ ನಡೆದಿದ್ದು ಕಿಟಕಿಯ ಪಕ್ಕದ ಬೆತ್ತದ ಕುರ್ಚಿಗಾಗಿ. ನೋಡಲು ಅದರಲ್ಲೇನೂ ವಿಶೇಷವಿಲ್ಲ, ಒಂದು ಕೈ ಸಡಿಲವಾಗಿ ಅಲ್ಲಾಡುತ್ತದೆ. ಆದರೆ ಈ ಮನೆಯಲ್ಲಿ ಅದಕ್ಕೆ ಅಳುವ ಕುರ್ಚಿ ಎಂದು ಹೆಸರು. ಮದುವೆಯಾದ ಹೊಸದರಲ್ಲಿ ಒಂದು ದಿನ ಗಂಡ ಹೆಂಡತಿ ಇಬ್ಬರೂ ಒಂದೇ ಹೊತ್ತಿಗೆ ಮುಖ ಊದಿಸಿಕೊಂಡು ಕೂತು, ಒಲೆಯ ಮೇಲಿದ್ದ ಹಾಲು ಸೀದು, ಪಾತ್ರೆ ಕರಿ ಹಿಡಿದು ಹಾಳಾಯಿತು. ಆಗ ಡ್ರೈವರನ ತಾಯಿ ಒಂದು ಕಾನೂನು ಮಾಡಿದಳು. ಒಂದು ಮನೆಯಲ್ಲಿ ಇಬ್ಬರು ಒಟ್ಟಿಗೆ ಅಳಬಾರದು. ಒಬ್ಬರು ಅತ್ತರೆ ಇನ್ನೊಬ್ಬರು ಒಲೆ ನೋಡಿಕೊಳ್ಳಬೇಕು. ಕಷ್ಟ ಬಂದವರು ಆ ಕುರ್ಚಿಯಲ್ಲಿ ಕೂರಬೇಕು. ಉಳಿದವರು ಟೀ ಮಾಡಿಕೊಟ್ಟು, ಬುದ್ಧಿ ಹೇಳದೆ, ನಡುನಡುವೆ ‘ಅಯ್ಯೋ ಪಾಪ’ ಅನ್ನಬೇಕು. ಲೋಟ ಖಾಲಿಯಾದರೆ ಅಳುವೂ ಖಾಲಿ. ನಿಂತವರು ತಮ್ಮ ಕಷ್ಟದ ಬಗ್ಗೆ ತುಟಿ ಪಿಟಕ್ಕೆನ್ನುವಂತಿಲ್ಲ.

ಇವತ್ತು ಡ್ರೈವರನಿಗೆ ಆ ಕುರ್ಚಿ ನಿಜಕ್ಕೂ ಬೇಕಿತ್ತು. ಬೆಳಿಗ್ಗೆ ಡಿಪೋದಲ್ಲಿ ಕಣ್ಣಿನ ಪರೀಕ್ಷೆ. ಡಾಕ್ಟರು ಕಣ್ಣಿಗೆ ಹನಿ ಹಾಕಿ, ದೀಪ ಬಿಟ್ಟು, ಅಕ್ಷರ ಓದಿಸಿ, ಕೊನೆಗೆ ‘ಈ ಎಡಗಣ್ಣಿನಲ್ಲಿ ಇನ್ನು ಬಸ್ ಓಡಿಸೋಕಾಗಲ್ಲ’ ಎಂದುಬಿಟ್ಟರು. ಸೋಮವಾರದಿಂದ ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂರಬೇಕು. ಸಂಬಳವೇನೋ ಅದೇ. ಆದರೆ ಇಪ್ಪತ್ತಾರು ವರ್ಷ ಸ್ಟೇರಿಂಗ್ ಹಿಡಿದ ಮನುಷ್ಯ ಕಿಟಕಿಯೊಳಗೆ ಕೂತು ಏನು ಹಿಡಿದುಕೊಳ್ಳಬೇಕು? ಡಿಪೋದ ಗೇಟಿನಲ್ಲಿ ತನ್ನ ಕಂಡಕ್ಟರನ ಹೆಗಲ ಮೇಲೆ ಕೈಯಿಟ್ಟು ಬಾಯಿಗೆ ಬಂದಂತೆ ಗೋಳಾಡಿ, ಡಾಕ್ಟರು ಕೊಟ್ಟ ಕಪ್ಪು ಕನ್ನಡಕ ಹಾಕಿಕೊಂಡು, ಊರೆಲ್ಲ ಸುತ್ತಿ ಸಂಜೆ ಮನೆಗೆ ಬಂದಿದ್ದ. ಹನಿಯ ಪ್ರಭಾವದಿಂದ ಹತ್ತಿರದ್ದೆಲ್ಲ ಕಲಸಿದ ಹಾಗೆ ಕಾಣುತ್ತಿತ್ತು. ಹೊಸ್ತಿಲ ಬಳಿಯ ಸ್ಟೂಲನ್ನು ಎಡವಿಯೇ ಒಳಗೆ ಬಂದ. ನೋಡಿದರೆ ಕುರ್ಚಿಯಲ್ಲಿ ಹೆಂಡತಿ, ಅತ್ತೂ ಅತ್ತೂ ಮೂಗು ಕೆಂಪಗೆ. ಮಂಚದ ಮೇಲೆ ಅಮ್ಮ, ಕೆನ್ನೆಯ ಮೇಲೆ ಕೈ.

ಡ್ರೈವರ್: ಆಯ್ತು, ನಿನ್ನ ಕಷ್ಟ ಏನು ಹೇಳು. ನಂದಕ್ಕಿಂತ ದೊಡ್ಡದಾಗಿದ್ರೆ ತೆಪ್ಪಗೆ ಹೋಗಿ ಟೀಗಿಡ್ತೀನಿ.

ಹೆಂಡತಿ: ಅದನ್ನ ನನ್ನ ಬಾಯಿಂದ ಹೇಗ್ರೀ ಹೇಳ್ಲಿ? ನೀವೇ ಹೇಳಿ.

ಡ್ರೈವರ್: ನಾನು ಹೇಗೆ ಹೇಳ್ಲಿ? ನಿಂತೋರು ಹೇಳೋ ಹಾಗಿಲ್ಲ. ಕಾನೂನು.

ಹೆಂಡತಿ: ಇಂಥಾ ಸ್ಥಿತೀಲೂ ಕಾನೂನು ನೋಡಿ ಇವರಿಗೆ! ಅತ್ತೆ, ಎಷ್ಟು ಗಟ್ಟಿ ಮನಸ್ಸು ಮಾಡ್ಕೊಂಡು ನಿಂತಿದಾರೆ ನೋಡಿ.

ಡ್ರೈವರ್: ಗಟ್ಟಿ ಮನಸ್ಸೂ ಇಲ್ಲ, ಮಣ್ಣೂ ಇಲ್ಲ. ಕೂರೋಕೆ ಜಾಗ ಇಲ್ಲ, ಅದಕ್ಕೆ ನಿಂತಿದೀನಿ.

ಹೆಂಡತಿ: ಮಂಚದ ಮೇಲೆ ಕೂತ್ಕೊಳ್ಳಿ. ನಿಮ್ಮ ಎಡಗಡೇನೇ ಇದೆ. ಮೆಲ್ಲಗೆ... ಎರಡು ಹೆಜ್ಜೆ.

ಡ್ರೈವರ್: ನಮ್ಮನೆ ಮಂಚ ಎಲ್ಲಿದೆ ಅಂತ ನಂಗೇ ಹೇಳಿಕೊಡ್ತೀಯಾ?

ಅಮ್ಮ: (ಗಂಟಲು ಹರಿಯುವ ಹಾಗೆ) ಮಗನೇ! ನಾನು ನಿನ್ನಮ್ಮ ಕಣೋ! ಇಲ್ಲಿದೀನಿ! ಇನ್ನೂ ಸ್ವಲ್ಪ ಹಿಂದೆ ಬಾ, ರೈಟ್, ರೈಟ್, ರೈಟ್... ಹೋಲ್ಡಾನ್!

ಡ್ರೈವರ್: ಯಾಕಮ್ಮ ಹೀಗೆ ಕಿರುಚ್ತೀಯಾ? ನನ್ನ ಕಿವಿ ಚೆನ್ನಾಗೇ ಇದೆ.

ಅಮ್ಮ: ಅಷ್ಟಾದರೂ ಉಳಿಸಿದ್ದಾನಲ್ಲ ಭಗವಂತ!

ಡ್ರೈವರನಿಗೆ ಒಂದೂ ಅರ್ಥವಾಗಲಿಲ್ಲ. ತನ್ನ ದುಃಖವನ್ನು ಹೊರಗೆ ಹಾಕೋಣವೆಂದು ಮನೆಗೆ ಬಂದರೆ ಮನೆಯವರಿಗೇ ಏನೋ ಹಿಡಿದುಕೊಂಡಿದೆ. ಅಮ್ಮ ಅವನ ಕೈ ಹಿಡಿದು ಬೆರಳು ಸವರುತ್ತ ಕೂತಳು. ಸವರುವುದರ ನಡುವೆಯೇ ‘ನನಗೂ ಬೆಳಿಗ್ಗೆಯಿಂದ ಈ ಹಲ್ಲು...’ ಎಂದು ಶುರು ಮಾಡಿ, ಸೊಸೆಯ ಬಿಕ್ಕು ಕೇಳಿ ಸುಮ್ಮನಾದಳು.

ಡ್ರೈವರ್: ಲೇ, ನೀನು ಇಷ್ಟು ಅಳೋದನ್ನ ನಾನು ಕಂಡೇ ಇಲ್ಲ. ಸುಮ್ನೆ ಕುರ್ಚಿ ಬಿಟ್ಟುಕೊಟ್ಟು, ಒಳಗೆ ಹೋಗಿ ಮುಖ ತೊಳ್ಕೋಬಾರದಾ?

ಹೆಂಡತಿ: ಬಿಟ್ಟುಕೊಡಬೇಕು ಅಂತ ನಂಗೂ ಗೊತ್ತು ರೀ. ಕೂರಬೇಕಾದೋರು ನೀವೇ. ಆದ್ರೆ ನೀವು ಕೂತ್ರೆ ನಾನು ಅಳೋ ಹಾಗಿಲ್ಲ. ಇವತ್ತು ಅಳದೇ ಇರೋಕೆ ನನ್ನ ಕೈಲಿ ಆಗಲ್ಲ. ಒಂದೇ ಒಂದು ಲೋಟದಷ್ಟು ಹೊತ್ತು ನಂಗೆ ಬಿಟ್ಟುಬಿಡಿ.

ಈ ಮಾತು ಹೇಳುವಾಗ ಅವಳ ದನಿ ಒಡೆಯಿತು. ಇವಳಿಗೆ ನಿಜವಾಗಿಯೂ ಏನೋ ದೊಡ್ಡದೇ ಆಗಿರಬೇಕು ಎಂದುಕೊಂಡ ಡ್ರೈವರ್. ಅಷ್ಟರಲ್ಲಿ ಅವಳು ಕುರ್ಚಿಯಿಂದಲೇ ಮುಂದೆ ಬಗ್ಗಿ ಎರಡು ಬೆರಳನ್ನು ಅವನ ಮೂಗಿನ ತುದಿಗೆ ಹಿಡಿದಳು.

ಹೆಂಡತಿ: ರೀ... ಇದೆಷ್ಟು?

ಡ್ರೈವರ್: (ಕಣ್ಣು ಕಿರಿದಾಗಿಸಿ) ಮೂರೋ... ನಾಲ್ಕೋ.

ಹೆಂಡತಿ: ಅಯ್ಯೋ ದೇವರೇ!

ಡ್ರೈವರ್: ನಾಲ್ಕಾ? ಒಂದೇ ದಿನಕ್ಕೆ ನಾಲ್ಕು ಕಷ್ಟಾನಾ ನಿಂಗೆ? ನಂದು ಒಂದೇ ಕಣೇ! ನೀನೇ ಕೂತಿರು, ಏಳಬೇಡ. ಟೀಗೆ ಸಕ್ಕರೆ ಜಾಸ್ತಿ ಹಾಕ್ತೀನಿ.

ಅವನು ಎದ್ದು ಅಡುಗೆಮನೆ ಕಡೆ ಹೊರಟನೋ ಇಲ್ಲವೋ, ಹೆಂಗಸರಿಬ್ಬರೂ ಒಟ್ಟಿಗೆ ಕೂಗಿಕೊಂಡರು.

ಹೆಂಡತಿ: ಒಲೆ ಹತ್ರ ಹೋಗಬೇಡಿ!

ಅಮ್ಮ: ಬೆಂಕಿ ಕಣೋ! ಬೆಂಕಿ!

ಡ್ರೈವರ್: (ನಿಂತಲ್ಲೇ ನಿಂತು) ಗ್ಯಾಸ್ ಸೋರ್ತಿದೆಯಾ? ಓಹೋ, ಇದು ಮೊದಲನೇದು. ಎರಡನೇದು ಯಾವುದು?

ಹೆಂಡತಿ: ಏನೂ ಸೋರ್ತಿಲ್ಲ. ಇನ್ಮೇಲೆ ನೀವು ಒಲೆ ಹಚ್ಚಬಾರದು. ಬೀದಿ ದಾಟಬಾರದು. ಮೆಟ್ಟಿಲು ಇಳಿಯೋವಾಗ ನನ್ನ ಕೈ ಹಿಡ್ಕೋಬೇಕು. ಪೇಪರ್ ನಾನು ಓದಿ ಹೇಳ್ತೀನಿ.

ಡ್ರೈವರ್: ನೀನು ಓದಿದ್ರೆ ಬರೀ ಚಿನ್ನದ ರೇಟು ಓದ್ತೀಯ. ಅದಿರಲಿ, ನಿನ್ನ ಕಷ್ಟ ಹೇಳು ಅಂದ್ರೆ ನನಗ್ಯಾಕೆ ಊರಿನ ಕಟ್ಟಳೆಯೆಲ್ಲ ಹಾಕ್ತಿದೀಯ?

ಅಮ್ಮ: ಧೈರ್ಯಗೆಡಬೇಡ ಮಗನೇ. ಆಚೆ ಬೀದಿ ಮೇಷ್ಟ್ರಿಲ್ವಾ, ಹುಟ್ಟಿದಾಗಿಂದ ಕಣ್ಣು ಕಾಣಲ್ಲ ಅವರಿಗೆ. ಇಡೀ ಶಾಲೆ ಅವರಿಗೆ ಗಡಗಡ ನಡುಗುತ್ತೆ. ಯಾವ ಹುಡುಗ ಪಕ್ಕದೋನ ಹತ್ರ ಕೇಳಿ ಬರೀತಾನೆ ಅಂತ ಕೂತಲ್ಲೇ ಕಂಡುಹಿಡೀತಾರಂತೆ.

ಡ್ರೈವರ್: ಒಳ್ಳೇದಾಯ್ತು. ಮೇಷ್ಟ್ರಿಗೂ ನನಗೂ ಏನಮ್ಮ ಸಂಬಂಧ?

ಹೆಂಡತಿ: ಸಾಕು ರೀ! ಇನ್ನು ಮುಚ್ಚಿಡಬೇಡಿ. ನಿಮ್ಮ ಕಂಡಕ್ಟರ್ ಫೋನ್ ಮಾಡಿದ್ದ. ‘ಅಕ್ಕಾ, ನೀವಾಗಿ ಕೇಳಬೇಡಿ, ಅಣ್ಣನೇ ಹೇಳಲಿ’ ಅಂದ. ಎಷ್ಟು ಹೊತ್ತು ಅಂತ ಕೇಳದೇ ಇರ್ಲಿ?

ಡ್ರೈವರ್: (ಮಂಚದ ಮೇಲೆ ಕುಸಿದು) ಹೌದಾ... ಹಾಗಾದ್ರೆ ಗೊತ್ತಾಯ್ತಾ?

ಹೆಂಡತಿ: ಗೊತ್ತಾಯ್ತು. ಎರಡೂ ಹೋಯ್ತಂತಲ್ರೀ!

ಡ್ರೈವರ್: ಎರಡೆಲ್ಲಿ? ಎಡದ್ದು ಮಾತ್ರ ಕಣೇ. ಬಲಗಣ್ಣು ಕಲ್ಲುಗುಂಡಿನ ಹಾಗಿದೆ.

ಹೆಂಡತಿ: ಏನು? ಒಂದು ಕಣ್ಣು ಉಳಿದಿದೆಯಾ? ಅತ್ತೆ, ಒಂದು ಉಳಿದಿದೆಯಂತೆ!

ಅಮ್ಮ: ಭಗವಂತ ದೊಡ್ಡೋನು! ಅರ್ಧ ವಾಪಸ್ ಕೊಟ್ಟ!

ಡ್ರೈವರ್: ಅಯ್ಯೋ, ಎಡಗಣ್ಣೂ ಇದೆ! ದೂರದ ಅಕ್ಷರ, ಕೆಳಗಿನ ಎರಡು ಸಾಲು ಓದೋಕಾಗಲಿಲ್ಲ.

ಅಮ್ಮ: ಪೂರ್ತಿ ಕೊಟ್ಟ!

ಹೆಂಡತಿ: ಮತ್ತೆ ಈ ಕಪ್ಪು ಕನ್ನಡಕ?

ಡ್ರೈವರ್: ಹನಿ ಹಾಕಿದಾರೆ. ಬೆಳಕಿಗೆ ಚುಚ್ಚುತ್ತೆ. ಹತ್ತಿರದ್ದು ಮಂಜು ಮಂಜು. ಇನ್ನೊಂದು ಗಂಟೆಗೆ ಸರಿಹೋಗುತ್ತೆ. ಆದ್ರೆ ಬಸ್ ಓಡಿಸೋಕೆ ಬಿಡಲ್ಲವಂತೆ ಕಣೇ. ಸೋಮವಾರದಿಂದ ವಿಚಾರಣೆ ಕಿಟಕೀಲಿ ಕೂರಿಸ್ತಾರಂತೆ.

ಹೆಂಡತಿ: ಅಷ್ಟೇನಾ?

ಡ್ರೈವರ್ ಕಪ್ಪು ಕನ್ನಡಕ ತೆಗೆದು, ಕೆಂಪಗಾದ ಕಣ್ಣುಗಳಿಂದ ಹೆಂಡತಿಯನ್ನು ದಿಟ್ಟಿಸಿ ನೋಡಿದ. ಅವಳಿಗೋ, ಅವನು ದಿಟ್ಟಿಸುತ್ತಿದ್ದಾನೆ ಎನ್ನುವುದೇ ಖುಷಿ.

ಡ್ರೈವರ್: ಏನಂದೆ? ಅಷ್ಟೇನಾ? ಇಪ್ಪತ್ತಾರು ವರ್ಷದ ಡ್ಯೂಟಿ ಮಣ್ಣುಪಾಲಾಯ್ತು, ಅಷ್ಟೇನಾ ಅಂತೀಯಾ?

ಹೆಂಡತಿ: ನಂಗೆ ಸಂತೋಷ ಆಯ್ತು ರೀ!

ಡ್ರೈವರ್: ಸಂತೋಷ! ಕೇಳಿದ್ಯಾಮ್ಮ? ನನ್ನ ಕೆಲಸ ಹೋಗಿದ್ದಕ್ಕೆ ನಿನ್ನ ಸೊಸೆಗೆ ಸಂತೋಷವಂತೆ!

ಅಮ್ಮ: ನಂಗೂ ಆಯ್ತು ಕಣೋ. ಜೀವ ತಣ್ಣಗಾಯ್ತು.

ಡ್ರೈವರ್: ನನ್ನ ಬದುಕಿಗೆ ಬೆಂಕಿ ಬಿದ್ದಿದೆ, ನಿಮ್ಮಿಬ್ಬರಿಗೂ ಚಳಿ ಕಾಯಿಸೋ ಸಂಭ್ರಮ!

ಇಷ್ಟು ಹೊತ್ತು ಬಿಡಿಸಲಾಗದ ಕುರ್ಚಿ ಈಗ ತಾನಾಗಿಯೇ ತೆರವಾಯಿತು. ಹೆಂಡತಿ ಛಂಗನೆ ಎದ್ದು, ಸೆರಗಿನಿಂದ ಸೀಟನ್ನು ಒರೆಸಿ, ಗಂಡನನ್ನು ಕೂರಿಸಿ, ಒಳಗೆ ಹೋಗಿ ಏನೋ ಗುನುಗುತ್ತ ಟೀಗಿಟ್ಟಳು. ಲೋಟ ತುಂಬ ತಂದಳು. ಕಾನೂನಿನಂತೆ ಎದುರಿಗೆ ನಿಂತಳು. ಡ್ರೈವರ್ ಕುರ್ಚಿಯ ಸಡಿಲ ಕೈಯ ಮೇಲೆ ಮೊಣಕೈ ಊರಿದ. ಊರು ಸುತ್ತುವಾಗೆಲ್ಲ ಒಳಗೆ ಒತ್ತಿಟ್ಟುಕೊಂಡಿದ್ದ ಅಳುವನ್ನು ಕರೆದು ನೋಡಿದ. ಅದು ಬರಲಿಲ್ಲ.

ಹೆಂಡತಿ: ಶುರು ಮಾಡಿ.

ಡ್ರೈವರ್: ನೀನು ಹಾಗೆ ಹಲ್ಲು ಕಿರೀತಾ ನಿಂತ್ರೆ ಹೇಗೆ ಶುರು ಮಾಡ್ಲಿ? ಸ್ವಲ್ಪ ಮುಖ ಇಳಿಸು.

ಹೆಂಡತಿ: ಇಳಿಸಿದೆ. ಹೇಳಿ.

ಡ್ರೈವರ್: ಆ ಕಿಟಕಿಯೊಳಗೆ ಕೂತೋರನ್ನ ನಾನು ಜೀವಮಾನವೆಲ್ಲ ಬೈದಿದೀನಿ ಕಣೇ. ಕೆಲಸ ಇಲ್ಲ, ಕಸುಬಿಲ್ಲ, ಕೂತಲ್ಲೇ ಬೇರು ಬಿಟ್ಟೋರು ಅಂತ.

ಹೆಂಡತಿ: ಅಯ್ಯೋ ಪಾಪ!

ಡ್ರೈವರ್: ಇಷ್ಟು ಖುಷಿಯಾಗಿ ಅಯ್ಯೋ ಪಾಪ ಅನ್ನಬೇಡ. ಲಾಟರಿ ಹೊಡೆದ ಹಾಗಿದೆ.

ಹೆಂಡತಿ: ಏನ್ಮಾಡ್ಲಿ, ದನಿ ಇಳೀತಿಲ್ಲ. ಇಡೀ ಮಧ್ಯಾಹ್ನ ನಿಮ್ಮ ಕೈ ಹಿಡಿದು ಬೀದಿ ದಾಟಿಸ್ತಾ ಇದ್ದೆ ರೀ ಮನಸ್ಸಲ್ಲಿ. ನನ್ನ ಮುಖ ಇವರಿಗೆ ಇನ್ನು ಕಾಣಲ್ಲ, ಮುದುಕಿ ಆದ್ರೂ ಗೊತ್ತಾಗಲ್ಲ ಅಂತ ಒಂದು ಕಡೆ ಸಮಾಧಾನವೂ ಮಾಡ್ಕೊಂಡಿದ್ದೆ.

ಅಮ್ಮ: ನಾನು ಕೋಲು ಎಲ್ಲಿದೆ ಅಂತ ಅಟ್ಟ ಹುಡುಕಿಸಿದೆ.

ಡ್ರೈವರ್: ಅಂತೂ ಆ ಕಂಡಕ್ಟರ್ ನನ್ಮಗನ ನಾಲಿಗೆಗೆ ಬರೆ ಹಾಕಬೇಕು. ಇರೋದನ್ನ ಇದ್ದ ಹಾಗೆ ಹೇಳೋಕೆ ಏನು ರೋಗ? ಕಣ್ಣು ಹೋಯ್ತು ಅಂತ ಯಾರು ಹೇಳಿದ್ರು ಅವನಿಗೆ?

ಹೆಂಡತಿ: ಅವನು ಪಾಪ ಒಂದಕ್ಷರ ಹೆಚ್ಚಿಗೆ ಹೇಳಲಿಲ್ಲ. ‘ಅಕ್ಕಾ, ಅಣ್ಣ ಗೇಟಲ್ಲಿ ನನ್ನ ಹಿಡ್ಕೊಂಡು ಅತ್ರು. ನನ್ನ ಕಣ್ಣೆರಡೂ ಹೋಯ್ತು ಕಣೋ, ಇನ್ನು ಎಲ್ಲಾ ಕತ್ತಲೆ, ನನ್ನ ಕಥೆ ಮುಗೀತು ಅಂದ್ರು’ ಅಂದ. ಯಾರು ಹೇಳಿದ್ದು ಇದನ್ನೆಲ್ಲ?

ಡ್ರೈವರ್ ಟೀ ಊದತೊಡಗಿದ. ಊದುವ ಅಗತ್ಯವಿರಲಿಲ್ಲ, ಅದು ಆಗಲೇ ಆರಿತ್ತು.

ಡ್ರೈವರ್: ಅದು... ದುಃಖದಲ್ಲಿ ಒಂದು ಮಾತು ಬರುತ್ತೆ.

ಅಮ್ಮ: ಚಿಕ್ಕಂದಿನಿಂದಲೂ ಹಾಗೇ ಇವನು. ಮೊಣಕಾಲು ತರಚಿದ್ರೆ ಕಾಲು ಹೋಯ್ತು ಅಂತ ಬರ್ತಿದ್ದ. ಹೋದ ಕಾಲಲ್ಲೇ ಓಡಿ ಬರ್ತಿದ್ದ.

ಹೆಂಡತಿ ನಕ್ಕಳು. ಡ್ರೈವರ್ ನಗಲಿಲ್ಲ. ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಕೆಳಗಿನ ಬೀದಿ ನೋಡಿದ. ಅವನ ಎರಡು ಕೈಗಳೂ ತೊಡೆಯ ಮೇಲೆ, ಅಗಲಕ್ಕೆ, ಏನನ್ನೋ ಹಿಡಿದಂತೆ ಬಾಗಿಕೊಂಡಿದ್ದವು.

ಡ್ರೈವರ್: ನಗಿ, ನಗಿ. ಬೆಳಗಿನ ಮೊದಲ ಟ್ರಿಪ್ಪಿಗೆ ಆಸ್ಪತ್ರೆ ನರ್ಸಮ್ಮ ಬರ್ತಾಳೆ. ಯಾವತ್ತೂ ತಡ. ಮೂಲೆಯಿಂದ ಓಡಿ ಬರೋದು ನನಗೆ ಕನ್ನಡೀಲಿ ಕಾಣುತ್ತೆ. ಗೇರ್ ಹಾಕೋಕೆ ತಡಕಾಡೋನ ಹಾಗೆ ನಟಿಸಿ ನಿಲ್ಲಿಸ್ಕೊಂಡಿರ್ತೀನಿ. ಹತ್ತಿದ ಮೇಲೆ ಒಂದು ದಿನವೂ ಥ್ಯಾಂಕ್ಸ್ ಅಂದೋಳಲ್ಲ. ನಿಲ್ಲಿಸಿದ್ದೇ ಅವಳಿಗೆ ಗೊತ್ತಿಲ್ಲ. ಸೋಮವಾರ ಯಾರು ನಿಲ್ಲಿಸ್ತಾರೆ ಅವಳಿಗೆ? ನನಗೆ ಬೇರೆ ಏನು ಬರುತ್ತೆ ಹೇಳು. ಇದ್ದಿದ್ದೇ ಅದೊಂದು ವಿದ್ಯೆ. ಈ ಕೈ ಎರಡನ್ನೂ ಇನ್ನು ಎಲ್ಲಿಡಲಿ?

ಈ ಸಲ ಹೆಂಡತಿ ‘ಅಯ್ಯೋ ಪಾಪ’ ಅನ್ನಲಿಲ್ಲ. ಸ್ಟೂಲು ಎಳೆದುಕೊಂಡು ಹತ್ತಿರ ಕೂತಳು. ಇಪ್ಪತ್ತಾರು ವರ್ಷದಲ್ಲಿ ಆ ನರ್ಸಮ್ಮನ ವಿಷಯ ಅವನು ಹೇಳಿರಲೇ ಇಲ್ಲ. ಹೇಳುವಂಥ ದೊಡ್ಡ ಸಂಗತಿಯೆಂದು ಅವನಿಗೂ ಅನ್ನಿಸಿರಲಿಲ್ಲ. ಅವಳಿಗೆ ಆ ಹೊತ್ತಿನಲ್ಲಿ ಗಂಡನ ಮೇಲೆ ತುಂಬ ಪ್ರೀತಿ ಬಂತು, ಹಾಗೆಯೇ ಬೈಯಬೇಕೆಂದೂ ಅನ್ನಿಸಿತು. ಎರಡನೆಯದೇ ಸುಲಭವಾಗಿತ್ತು.

ಹೆಂಡತಿ: ಬಸ್ ನೋಡಿ ಮದುವೆ ಆದೋಳಲ್ಲ ನಾನು. ಆಗ ನಿಮ್ಮ ಹತ್ರ ಸೈಕಲ್ಲೂ ಇರಲಿಲ್ಲ. ನೋಡೋಕೆ ಬಂದ ದಿನ ನೆಂಟರ ಸೈಕಲ್ ತಂದಿದ್ರಿ, ಅದಕ್ಕೂ ಬ್ರೇಕ್ ಇರಲಿಲ್ಲ. ಆ ಕೈಯನ್ನ ಆವತ್ತು ಎಲ್ಲಿಟ್ಕೊಂಡಿದ್ರಿ?

ಡ್ರೈವರ್: ಜೇಬಲ್ಲಿ. ನಡುಗ್ತಿತ್ತು.

ಹೆಂಡತಿ: ಇವತ್ತು ನಡುಗ್ತಿಲ್ಲವಲ್ಲ. ಆ ಹೊಸ ಡ್ರೈವರ್‌ನ ಕರೆದು, ಮೂಲೇಲಿ ಒಂದು ಸಲ ಕನ್ನಡಿ ನೋಡಿಕೊಂಡು ಹೊರಡಪ್ಪ ಅಂತ ಹೇಳೋಕೆ ಎಡಗಣ್ಣು ಬೇಕಾ? ಬಾಯಿ ಸಾಕು. ಅದಕ್ಕೆ ಯಾವ ಡಾಕ್ಟರೂ ಕುಂದು ಹೇಳಲಾರ.

ಡ್ರೈವರ್: ಕುರ್ಚೀಲಿ ಕೂತಿರೋರಿಗೆ ಬುದ್ಧಿ ಹೇಳೋ ಹಾಗಿಲ್ಲ. ಕಾನೂನು.

ಹೆಂಡತಿ: ಹಾಗಾದ್ರೆ ಟೀ ಕುಡಿದು ಮುಗಿಸಿ. ಆಮೇಲೆ ಹೇಳ್ತೀನಿ.

ಅಷ್ಟರಲ್ಲಿ ಯಾರೋ ಬಾಗಿಲು ತಟ್ಟಿದರು. ಡ್ರೈವರನೇ ಎದ್ದು ಹೋಗಿ ತೆರೆದ. ಹೊರಗೆ ಕೆಳಗಿನ ಮನೆಯ ಬಡಗಿ, ಕೈಯಲ್ಲಿ ಆಗಷ್ಟೇ ಕೀಸಿ ನುಣುಪು ಮಾಡಿದ ಒಂದು ಕೋಲು. ಸುದ್ದಿ ಮೆಟ್ಟಿಲಿಳಿದು ಬೀದಿ ಸೇರಿತ್ತು.

ಬಡಗಿ: (ಒಂದೊಂದೇ ಅಕ್ಷರ ಬಿಡಿಸಿ) ಅಣ್ಣಾ... ನಾನು... ಕೆಳಗಿನ ಮನೆ ಬಡಗಿ. ಹೆದರಬೇಡಿ.

ಡ್ರೈವರ್: ಗೊತ್ತಯ್ಯಾ. ಅಂಗಿ ಗುಂಡಿ ತಪ್ಪು ತೂತಿಗೆ ಹಾಕ್ಕೊಂಡಿದೀಯ, ಕಿವಿ ಮೇಲೆ ಪೆನ್ಸಿಲ್ ಇದೆ.

ಬಡಗಿ: (ಕೋಲನ್ನು ಬೆನ್ನ ಹಿಂದೆ ಬಚ್ಚಿಟ್ಟು) ಹಂಗಾದ್ರೆ ಕಣ್ಣು...?

ಡ್ರೈವರ್: ಕಣ್ಣಿಗೇನಾಗಿದೆ? ಚೆನ್ನಾಗಿದೆ. ಬಸ್ ಬಿಡಿಸಿ ಕಿಟಕೀಲಿ ಕೂರಿಸ್ತಾರಂತೆ, ಅಷ್ಟೇ.

ಮಾತು ಹೊರಬಿದ್ದ ಮೇಲೆಯೇ ಅವನಿಗೆ ತಾನೇನು ಹೇಳಿದೆನೆಂದು ಗೊತ್ತಾದದ್ದು. ಹಿಂದೆ ತಿರುಗಿ ನೋಡದೆ, ಸ್ವಲ್ಪ ಹೊತ್ತು ಬಾಗಿಲ ಚಿಲಕವನ್ನೇ ಪರೀಕ್ಷಿಸುತ್ತ ನಿಂತ.

ಹೆಂಡತಿ: ಏನೋ ಅಂದ ಹಾಗಿತ್ತು?

ಡ್ರೈವರ್: ಏನೂ ಇಲ್ಲ. ಕೋಲು ಚೆನ್ನಾಗಿದೆ, ಮೇಲಿನ ಕಿಟಕಿಗೆ ಊರುಗೋಲಾಗುತ್ತೆ ಅಂದೆ.

ಹೆಂಡತಿ: ಅದಲ್ಲ, ಅದಕ್ಕೆ ಮುಂಚೆ.

ಡ್ರೈವರ್: ನನಗೆ ಕಣ್ಣು ಕಾಣ್ತಿಲ್ಲ ಅಂತ ಅತ್ತೋಳು ನೀನು. ಈಗ ನಿನ್ನ ಕಿವಿ ತೋರಿಸೋಕೆ ಯಾವ ಡಾಕ್ಟರ ಹತ್ರ ಹೋಗೋಣ?

ಬಡಗಿಯನ್ನು ಕಳಿಸಿ, ಉಳಿದ ಟೀಯನ್ನಾದರೂ ಕೂತು ಮುಗಿಸೋಣವೆಂದು ಅವನು ತಿರುಗಿದ. ಕುರ್ಚಿಯಲ್ಲಿ ಅಮ್ಮ ಕೂತಿದ್ದಳು. ಕಾಲು ಮೇಲೆತ್ತಿಕೊಂಡು, ಕೆನ್ನೆಗೆ ಕೈಕೊಟ್ಟು, ಇನ್ನು ಯಾರು ಎಬ್ಬಿಸುತ್ತೀರೋ ನೋಡೋಣ ಎನ್ನುವ ಹಾಗೆ.

ಡ್ರೈವರ್: ಅಮ್ಮ, ನನ್ನ ಲೋಟ ಇನ್ನೂ ಮುಗಿದಿಲ್ಲ.

ಅಮ್ಮ: ನಾನು ಕುಡಿದು ಮುಗಿಸಿದೆ. ಈಗ ನನ್ನ ಸರದಿ. ಬೆಳಿಗ್ಗೆಯಿಂದ ಹಲ್ಲು ನೋವು, ಹಲ್ಲು ನೋವು ಅಂತ ಬಡ್ಕೋತಿದೀನಿ. ನಿಮ್ಮ ಕಣ್ಣಿನ ಗಲಾಟೇಲಿ ಯಾರಿಗಾದ್ರೂ ಕೇಳಿಸ್ತಾ?

ಹೆಂಡತಿ: ಅಯ್ಯೋ ಪಾಪ! ಎಷ್ಟು ಹಲ್ಲು ನೋಯ್ತಿದೆ ಅತ್ತೆ?

ಅಮ್ಮ: ಒಂದು.

ಡ್ರೈವರ್: ಒಂದೇ ಹಲ್ಲಾ? ಅಷ್ಟೇನಾ?

ಅಮ್ಮ: (ಕುರ್ಚಿಯ ಸಡಿಲ ಕೈಯನ್ನು ಬಡಿದು) ಅಷ್ಟೇನಾ ಅಂತೀಯಲ್ಲೋ! ನನಗಿರೋದೇ ಅದೊಂದು!